ಸಾರಲೇಖ ಕಳುಹಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ 30 ಅಂತರರಾಷ್ಟ್ರೀಯ ಅನುವಾದ ದಿನ. ಅದರ ಆಸುಪಾಸಿನಲ್ಲಿ ವಿಚಾರ ಸಂಕಿರಣಗಳ ಆಹ್ವಾನಗಳು ಮಳೆಗಾಲದ ಅಣಬೆಗಳಂತೆ ಏಳುತ್ತವೆ. ಸಾರಲೇಖ (ಪ್ರಬಂಧದ ಸಂಕ್ಷಿಪ್ತ ಸಾರ) ತಲುಪಿದ ಮರುದಿನವೇ ‘ಆಯ್ಕೆಯಾಗಿದೆ, ಶುಲ್ಕ ಕಟ್ಟಿ’ ಎಂದರೆ ಕಟ್ಟಬೇಡಿ. ಪರಿಶೀಲನಾ ಸಮಿತಿಯಲ್ಲಿ ಯಾರಿದ್ದಾರೆ, ಹಿಂದಿನ ಪ್ರಬಂಧಗಳು ಎಲ್ಲಿ ಪ್ರಕಟವಾಗಿವೆ ಎಂದು ಮೊದಲು ವಿಚಾರಿಸಿ.

ವಿಷಯಕ್ಕಂತೂ ಕೊಡಗಿನಲ್ಲಿ ಬರವಿಲ್ಲ. ನಡಿಕೇರಿಯಂಡ ಚಿಣ್ಣಪ್ಪ ಅವರ ಜನಪದ ಹಾಡುಗಳ ಸಂಗ್ರಹ ‘ಪಟ್ಟೋಲೆ ಪಳಮೆ’ 1924ರಲ್ಲಿ ಪ್ರಕಟವಾಯಿತು: ಹಾಡುಗಳು ಕೊಡವ ತಕ್ಕಿನಲ್ಲಿ (ಕೊಡವರ ಭಾಷೆಯಲ್ಲಿ), ವಿವರಣೆ ಕನ್ನಡದಲ್ಲಿ. ಇಂಗ್ಲಿಷ್ ಅನುವಾದ ಬಂದದ್ದು 2003ರಲ್ಲಿ. ನಾಲ್ವರು ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುವ ಸಾಲು ಪುಟಕ್ಕೆ ಇಳಿದಾಗ ಲಯ ಏನಾಗುತ್ತದೆ? ಒಂದು ಒಳ್ಳೆಯ ಪ್ರಬಂಧಕ್ಕೆ ಇಷ್ಟೇ ಸಾಕು. (‘ಸಂಸ್ಕೃತಿಗಳ ಸಂಗಮ’ ಎಂಬ ಶೀರ್ಷಿಕೆ ಮಾತ್ರ ದಯವಿಟ್ಟು ಬೇಡ.)

ಕರಡು 300 ಪದ ಮೀರದಿರಲಿ. ಶನಿವಾರದೊಳಗೆ ಇಲ್ಲಿ ಹಾಕಿ. ಭಾನುವಾರ ಮಡಿಕೇರಿಯಲ್ಲಿ ಸೇರಿದಾಗ ತಿದ್ದೋಣ.