ಕೀಲಿಕೈ ತಿರುಗಿ ಇಸಿದುಕೋ

ಧಾರವಾಡ

ಚಿ. ಶ್ವೇತಾಳಿಗೆ ಕಾಕಾನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮನೆಯ ಸುದ್ದಿಯೆಲ್ಲ ಅಣ್ಣ ಫೋನಿನಲ್ಲಿ ಹೇಳಿದ್ದಾನೆ, ಅದನ್ನೇ ಮತ್ತೆ ಬರೆಯುತ್ತ ಕೂಡುವುದಿಲ್ಲ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಕಾರಿನ ಕೀಲಿಕೈ ಅಪ್ಪನಿಗೆ ಕೊಟ್ಟುಬಿಟ್ಟೆ ಕಾಕಾ, ಇನ್ನು ನಾನು ಗಾಡಿ ಮುಟ್ಟುವುದಿಲ್ಲ" ಅಂತ, ಅದನ್ನು ಓದಿದಾಗಿನಿಂದ ನನಗೆ ಸಮಾಧಾನ ಇಲ್ಲ. ಗೇಟಿನ ಕಲ್ಲುಕಂಬಕ್ಕೆ ಕಾರಿನ ಬಾಗಿಲು ಉಜ್ಜಿದ್ದು ದೊಡ್ಡ ಮಾತಲ್ಲ. ಆ ಸಾಲು ದೊಡ್ಡದು.

ನೀನು ಕಳಿಸಿದ ಫೋಟೋ ಹಿಗ್ಗಿಸಿ ನೋಡಿದೆ. ಹಿಡಿಕೆಯ ಕೆಳಗಿನಿಂದ ಹಿಂದಿನ ಚಕ್ರದ ತನಕ ಮೂರು ಗೆರೆ. ಮೇಲಿನ ಎರಡು ಬರೀ ಬಿಳಿ. ಅಲ್ಲಿ ಬಣ್ಣದ ಮೇಲಿನ ಲ್ಯಾಕರ್, ಅಂದರೆ ಹೊಳಪಿನ ಪಾರದರ್ಶಕ ಪದರ, ಅಷ್ಟೇ ತರಚಿದೆ, ಕಂಬದ ಸುಣ್ಣವೂ ಸ್ವಲ್ಪ ಹತ್ತಿರಬೇಕು. ಪಾಲಿಶ್ ಹಾಕಿ ಉಜ್ಜಿದರೆ ಬಹಳಷ್ಟು ಹೋಗುತ್ತದೆ. ಮೂರನೆಯದರ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡು, ಸಿಕ್ಕಿಕೊಂಡರೆ ಆಳ ಅಂತ ತಿಳಿ. ಒಳಗೆ ಬೂದು ಬಣ್ಣ ಕಾಣುತ್ತಿದೆ, ಅದು ಪ್ರೈಮರ್, ಬಣ್ಣಕ್ಕೂ ಮೊದಲು ತಗಡಿಗೆ ಹಚ್ಚುವ ಪದರ. ಚಕ್ರದ ಹತ್ತಿರ ಜೋಳದ ಕಾಳಿನಷ್ಟು ಜಾಗದಲ್ಲಿ ತಗಡೇ ಹೊಳೆಯುತ್ತಿದೆ. ಅದರ ಒಂದು ಅಂಚು ಆಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಅವಸರ ಮಾಡಬೇಕಾದದ್ದು ಆ ಕಾಳಿನಷ್ಟು ಜಾಗಕ್ಕೆ ಮಾತ್ರ. ಅಷ್ಟಕ್ಕೆ ಗಾಡಿ ಹೊಡೆಯುವುದನ್ನೇ ಬಿಡುವುದಾ?

ನಿಮ್ಮ ಕಾಕು ಗಾಡಿ ಕಲಿತದ್ದು ನೀನು ಹುಟ್ಟುವ ಮೊದಲು. ಬಿಳಿ ಮಾರುತಿ 800. ಬೆಳಿಗ್ಗೆ ಬೆಳಿಗ್ಗೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ಸುತ್ತು ಹಾಕುತ್ತಿದ್ದೆವು. ಗೇರ್ ಹಾಕುವಾಗ ಕೆಳತುಟಿ ಕಚ್ಚಿಕೊಳ್ಳುತ್ತಿದ್ದಳು. ಕ್ಲಚ್ಚನ್ನು ನನಗಿಂತ ಮೆತ್ತಗೆ ಬಿಡುತ್ತಿದ್ದಳು, ಸುಳ್ಳಲ್ಲ. ಒಂದು ಸಂಜೆ ಸುಭಾಷ್ ರಸ್ತೆಯಲ್ಲಿ ನಿಂತ ತಳ್ಳುಗಾಡಿಗೆ ಮಡ್‌ಗಾರ್ಡ್ ತಾಗಿತು. ಜನ ಸೇರಿದರು, ಯಾರೋ ಏನೋ ಅಂದರು. ಮನೆಗೆ ಬಂದವಳೇ ಕೀಲಿಕೈ ಗೋಡೆಯ ಮೊಳೆಗೆ ಹಾಕಿದಳು. ಮುಗಿಯಿತು. ಮರುದಿನವೇ ನಾನು ಟಿಂಕರಿಂಗ್‌ಗೆ ಕೊಟ್ಟು, ಬಣ್ಣ ಹೊಡೆಸಿಕೊಂಡು ಬಂದೆ. ಗುರುತೂ ಉಳಿಯಲಿಲ್ಲ. ಅವಳನ್ನು ಮಾತ್ರ "ಬಾ, ಮತ್ತೆ ಕೂಡು" ಅಂತ ಕರೆಯಲಿಲ್ಲ. ಅವಳಿಗೇ ಬೇಡವಾಗಿದೆ, ಇರಲಿ ಅಂದುಕೊಂಡೆ. ಆಮೇಲೆ ತವರಿಗೆ ಹೋಗಬೇಕೆಂದರೂ ಅವಳು ನನ್ನ ರಜೆ ಕಾಯಬೇಕಾಯಿತು. ನಾನು ಊರಲ್ಲಿಲ್ಲದ ಆ ರಾತ್ರಿಯ ವಿಷಯ ನಿಮಗೆಲ್ಲ ಗೊತ್ತೇ ಇದೆ. ಕಾರು ಅಂಗಳದಲ್ಲೇ ನಿಂತಿತ್ತು, ಶ್ವೇತಾ.

ಎಲ್ಲಿಗೋ ಹೋದೆ. ತಗಡಿನ ಮಾತಿಗೆ ಬರುತ್ತೇನೆ. ಕಾರಿನ ಬಣ್ಣದ ಪದರಗಳೆಲ್ಲ ಸೇರಿದರೂ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಅದು ಹರಿದ ಕಡೆ ನೀರು, ಗಾಳಿ ಎರಡೂ ಕಬ್ಬಿಣಕ್ಕೆ ತಾಗಿ ತುಕ್ಕು ಹಿಡಿಯುತ್ತದೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಬಣ್ಣದ ಅಡಿಯಲ್ಲಿ ಹರಡುತ್ತ ಹೋಗುತ್ತದೆ, ಆಮೇಲೆ ಬಣ್ಣ ಗುಳ್ಳೆ ಏಳುತ್ತದೆ. ಈಗ ಜಿಟಿಜಿಟಿ ಮಳೆ ಬೇರೆ. ಬಂಪರಿನ ಮೇಲಿನ ಗೀಚು ಬಿಡು, ಅದು ಪ್ಲಾಸ್ಟಿಕ್, ತುಕ್ಕಿನ ಚಿಂತೆ ಇಲ್ಲ.

ಸೋಪಿನ ನೀರಿನಿಂದ ತೊಳೆದು ಪೂರ್ತಿ ಒಣಗಿಸು. ಕಿತ್ತಳೆ ಗುರುತು ಹೋಗಿ ತಗಡು ಹೊಳೆಯುವ ತನಕ ವಾಟರ್ ಪೇಪರ್ ಅನ್ನುವ ನಯವಾದ ಉಜ್ಜುಕಾಗದದಿಂದ ಅಷ್ಟೇ ಜಾಗ ಉಜ್ಜಬೇಕು. ತುಕ್ಕಿನ ಮೇಲೇ ಬಣ್ಣ ಬಳಿದರೆ ಅದು ಒಳಗೊಳಗೇ ತಿನ್ನುತ್ತದೆ. ಮೊದಲು ಪ್ರೈಮರ್, ಒಣಗಿದ ಮೇಲೆ ಬಣ್ಣ, ಕೊನೆಗೆ ಲ್ಯಾಕರ್. ಒಮ್ಮೆಲೇ ದಪ್ಪಗೆ ಹಚ್ಚಬೇಡ, ತೆಳ್ಳಗೆ ಎರಡು ಮೂರು ಸಲ ಹಚ್ಚು. ಬಣ್ಣದ ಕೋಡ್ ಗಾಡಿಯ ಮೇಲೆಯೇ ಇರುತ್ತದೆ, ಬಾನೆಟ್ ತೆಗೆದು ನೋಡು, ಇಲ್ಲವಾದರೆ ಬಾಗಿಲ ಚೌಕಟ್ಟಿನ ಪಟ್ಟಿ ನೋಡು. ಇಷ್ಟೆಲ್ಲ ಪತ್ರದಲ್ಲಿ ಬರೆದರೆ ತಲೆಗೆ ಹೋಗುತ್ತದೋ ಇಲ್ಲವೋ. ಮೆಟಾಲಿಕ್ ನೀಲಿ ಆದ್ದರಿಂದ ಬಣ್ಣ ನೂರಕ್ಕೆ ನೂರು ಹೊಂದುವುದಿಲ್ಲ. ಹತ್ತಿರ ಬಗ್ಗಿ ನೋಡಿದವರಿಗೆ ಗುರುತು ಕಾಣುತ್ತದೆ.

ಕಾಣುತ್ತದೆ ಅಂತಲೇ ನಿನಗೆ ಹೆದರಿಕೆ ಅಲ್ವಾ? ಅಪ್ಪ ದಿನಾ ಅದನ್ನೇ ನೋಡುತ್ತಾನೆ ಅಂತ. ಅಣ್ಣ ಕೀಲಿಕೈ ಸುಮ್ನೆ ಇಸಿದುಕೊಂಡ ಅಂತ ಬರೆದಿದ್ದೀ. ಬೈದಿದ್ದರೂ ಚೆನ್ನಾಗಿತ್ತು. ಸುಮ್ಮನಿದ್ದದ್ದೇ ನನಗೆ ಜಾಸ್ತಿ ಕಾಡುತ್ತಿದೆ. ಅವನ ಹತ್ತಿರ ನಾನು ಮಾತಾಡುತ್ತೇನೆ. ಇನ್ಶೂರೆನ್ಸ್ ಕ್ಲೇಮ್ ಮಾಡೋಣ ಅಂದರೆ ಬೇಡ ಅನ್ನು. ಸ್ವಂತ ಗಾಡಿಯ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಸತತ ಐದು ವರ್ಷಕ್ಕೆ 50% ರಿಯಾಯಿತಿ ಸಿಗುತ್ತದೆ. ಇಷ್ಟು ಸಣ್ಣದಕ್ಕೆ ಅದನ್ನು ಕಳಕೊಳ್ಳುವುದು ಬೇಡ.

ಇನ್ನೊಂದು, ನೆನಪಾಯಿತು ಅಂತ ಹೇಳುತ್ತೇನೆ. ಬಾಗಿಲ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಅಣ್ಣಿಗೇರಿ ಹೊಲಕ್ಕೆ ಹೋಗಿ ಬಂದಾಗ ಎರೆ ಮಣ್ಣು ಅಲ್ಲಿ ಮೆತ್ತಿಕೊಳ್ಳುತ್ತದೆ, ನೀರು ಒಳಗೇ ನಿಂತು ಬಾಗಿಲು ಒಳಗಿನಿಂದ ಜಂಗು ಹಿಡಿಯುತ್ತದೆ. ಕಸಬರಿಗೆ ಕಡ್ಡಿಯಿಂದ ಬಿಡಿಸು. ಹೊಲಕ್ಕೆ ಹೋಗುವವಳು ನೀನೇ ಆಗಿರಬೇಕು ಅಂತಲೇ ಇದನ್ನು ನಿನಗೆ ಬರೆಯುತ್ತಿದ್ದೇನೆ.

ರವಿವಾರ ನಾನು ಬರುತ್ತೇನೆ. ವಾಟರ್ ಪೇಪರ್, ಪ್ರೈಮರ್ ನಾನೇ ತರುತ್ತೇನೆ, ನೀನು ಬಣ್ಣದ ಕೋಡ್ ಬರೆದಿಡು. ಮಳೆ ಇದ್ದರೆ ಹಚ್ಚುವ ಕೆಲಸ ಮುಂದೆ ಹಾಕೋಣ. ಚಿಗರಿ ಬಸ್ಸಿನಲ್ಲಿ ಬಂದು ಉಣಕಲ್‌ನಲ್ಲಿ ಇಳಿಯುತ್ತೇನೆ. ಕರಕೊಂಡು ಹೋಗಲು ಗಾಡಿ ತಗೊಂಡು ನೀನೇ ಬಾ, ತಂಗಿ. ಅಪ್ಪನನ್ನು ಕಳಿಸಬೇಡ. ತಡವಾದರೂ ಚಿಂತೆಯಿಲ್ಲ, ನಾನು ಅಲ್ಲೇ ನಿಂತಿರುತ್ತೇನೆ.

ಇಂತಿ ನಿನ್ನ
ಕಾಕಾ