ಜೀರ್ಜಿಂಬೆಯನ್ನು ಜಾಲಿ ಗಿಡದಲ್ಲೇ ಬಿಡಿ

ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಒಂದು ಹುಳದ ಚಿತ್ರ ಬಂದಿತ್ತು. ಹಸಿರಾಗಿ ಮಿನುಗುವ ಕತ್ತು, ಕಂದು ರೆಕ್ಕೆ. ಕೆಳಗೆ ‘ಜೀರುಂಡೆ’ ಅಂತ ಬರೆದಿದ್ದೀರಿ. ಅದು ಜೀರ್ಜಿಂಬೆ. ಜೀರುಂಡೆ ಅಂದರೆ ಮಲೆನಾಡಿನವರಿಗೆ ಮರದಲ್ಲಿ ಕೂತು ಕಿವಿಗಡಚಿಕ್ಕುವ ಹಾಗೆ ಕೂಗುವ ಹುಳ. ಅದೇ ಬೇರೆ, ಇದೇ ಬೇರೆ. ವಿಜ್ಞಾನಿಗಳು ಇದನ್ನು ಸ್ಟರ್ನೋಸೆರಾ ಕ್ರೈಸಿಸ್ ಅನ್ನುತ್ತಾರೆ. ಬಯಲುಸೀಮೆಯಲ್ಲಿ ಬೆಳೆದ ನಮಗೆ ಜೀರ್ಜಿಂಬೆ ಅಂದರೇ ಸಮಾಧಾನ.

ಮಳೆ ಬಿದ್ದ ಮೇಲೆ ಜಾಲಿ ಗಿಡದಲ್ಲಿ ಇವು ಕಾಣಿಸಿಕೊಳ್ಳುತ್ತಿದ್ದವು. ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿ, ಮೇಲೊಂದಿಷ್ಟು ಜಾಲಿ ಸೊಪ್ಪು ತುರುಕಿ, ಚಡ್ಡಿ ಜೇಬಲ್ಲಿಟ್ಟುಕೊಂಡು ಸ್ಕೂಲಿಗೂ ಒಯ್ಯುತ್ತಿದ್ದೆವು. ಪೊಟ್ಟಣದಲ್ಲಿ ಮೊಟ್ಟೆ ಇಟ್ಟರಂತೂ ಹಬ್ಬ. ಮರಿ ಬರುತ್ತೆ ಅಂತ ದಿನಾ ತೆಗೆದು ನೋಡುತ್ತಿದ್ದೆ. ಒಂದು ಸಲವೂ ಬರಲಿಲ್ಲ.

ಯಾಕೆ ಅಂತ ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ಆ ಮೊಟ್ಟೆ ಮಣ್ಣು ಸೇರಬೇಕು. ಮರಿಹುಳು ಮಣ್ಣೊಳಗೇ ಇದ್ದು, ಬೇರು ತಿಂದು ಬೆಳೆಯುತ್ತದೆ. ರೆಕ್ಕೆ ಬಂದು ಹೊರಗೆ ಬಂದ ಮೇಲೆ ಅದಕ್ಕೆ ಉಳಿಯುವುದು ಕೆಲವೇ ವಾರ. ಅಷ್ಟರಲ್ಲೇ ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು. ಆ ವಾರಗಳನ್ನೇ ನಾವು ಪೊಟ್ಟಣದಲ್ಲಿ ಕೂಡಿಹಾಕಿದ್ದು. ಈಗಲೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಇದು ಮರ ಕೊರೆಯುವ ಹುಳ ಅಂತ ಔಷಧಿ ಹೊಡೆಯುವವರೂ ಇದ್ದಾರೆ. ಇದರ ನೆಂಟರಲ್ಲಿ ಕೊರೆಯುವವು ಜಾಸ್ತಿ, ನಿಜ. ಕಡಲೆಕಾಯಿ ಗಿಡದ ಕಾಂಡ ಕೊರೆಯುವ ಹುಳವೂ ಇದೇ ಕುಟುಂಬದ್ದು. ಆದರೆ ಜೀರ್ಜಿಂಬೆ ಕಾಂಡ ಕೊರೆಯುವುದಿಲ್ಲ, ರೆಕ್ಕೆ ಬಂದ ಮೇಲೆ ಜಾಲಿ ಎಲೆ ತಿನ್ನುತ್ತದೆ ಅಷ್ಟೇ. ಸುಮ್ನೆ ಅದನ್ನು ಕೊಲ್ಲುವುದು ಯಾಕೆ?

ಇನ್ನು ಆ ಹೊಳಪು. ಅದು ಬಣ್ಣ ಬಳಿದ ಹಾಗಲ್ಲ. ಕತ್ತಿನ ಚಿಪ್ಪಿನಲ್ಲಿ ಒಂದರ ಮೇಲೊಂದು ತೆಳುವಾದ ಪದರಗಳಿವೆ, ಬೆಳಕು ಅವುಗಳಿಗೆ ಬಡಿದು ವಾಪಸ್ ಬರುವಾಗ ಹಸಿರಾಗಿ ಕಾಣುತ್ತದೆ, ಅದಕ್ಕೇ ಹುಳ ಸತ್ತು ಎಷ್ಟು ವರ್ಷವಾದರೂ ಹೊಳಪು ಹೋಗುವುದಿಲ್ಲ. 1903ರ ದೆಹಲಿ ದರ್ಬಾರಿನಲ್ಲಿ ವೈಸರಾಯ್ ಕರ್ಜನ್ ಅವರ ಹೆಂಡತಿ ತೊಟ್ಟ ನವಿಲುಗರಿ ಚಿತ್ತಾರದ ಉಡುಪಿಗೆ ಇದರ ನೆಂಟ ಹುಳದ ಹಸಿರು ರೆಕ್ಕೆಗಳನ್ನೇ ಹೊಲಿದಿದ್ದರು. ಇವತ್ತಿಗೂ ಅವು ಮಿನುಗುತ್ತಿವೆ.

ನನ್ನ ಕೋರಿಕೆ ಇಷ್ಟೇ. ಇನ್ನೊಮ್ಮೆ ಚಿತ್ರ ಹಾಕಿದಾಗ ಹೆಸರು ಸರಿಯಾಗಿ ಬರೆಯಿರಿ. ಮೇಷ್ಟ್ರುಗಳು ಮಕ್ಕಳನ್ನು ಜಾಲಿ ಗಿಡದ ಹತ್ತಿರ ಕರೆದುಕೊಂಡು ಹೋಗಿ ತೋರಿಸಲಿ, ಮುಟ್ಟಿ ನೋಡಿದರೂ ಪರವಾಗಿಲ್ಲ, ಮತ್ತೆ ಅಲ್ಲೇ ಬಿಡಲಿ. ಬದು ಸ್ವಚ್ಛ ಮಾಡುತ್ತೇವೆ ಅಂತ ಜೆಸಿಬಿ ತರಿಸುವ ರೈತರು ಒಂದೆರಡು ಜಾಲಿ ಗಿಡ, ಅದರ ಬುಡದ ಮಣ್ಣಿನ ಸಮೇತ, ಉಳಿಸಿಕೊಳ್ಳಲಿ. ಮರಿಗಳಿರುವುದು ಅಲ್ಲೇ ಅಲ್ವಾ.

ಇತಿ,
ನಿಮ್ಮ ಓದುಗ