ಮುರಿದ ಸ್ಟಡ್ ಮುಚ್ಚಿಟ್ಟು ಕಾರು ಕೊಟ್ಟಿದ್ದರ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಸರ್ವಿಸ್ ವಿಭಾಗ

ವಿಷಯ: ನನ್ನ ಮಾರಿಸ್ ಮೈನರ್ ಕಾರಿನ ಎಕ್ಸಾಸ್ಟ್ ಕೆಲಸ

ಮಾನ್ಯರೇ,

ಫೋನಿನಲ್ಲಿ ಸಮಾಧಾನವಾಗಿಯೇ ಹೇಳಿ ನೋಡಿದೆ. "ನೋಡ್ತೀವಿ ಸರ್" ಅನ್ನುವುದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅದಕ್ಕೇ ಈ ಪತ್ರ.

ತುಕ್ಕು ತಿಂದ ಸೈಲೆನ್ಸರ್ ಪೈಪ್ ಬದಲಿಸಿ, ಎಂಜಿನ್ ಹೊಗೆಯನ್ನು ಆ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್‌ಗೆ ಸೋರಿಕೆ ತಡೆಯುವ ಹೊಸ ಗ್ಯಾಸ್ಕೆಟ್ ಹಾಕಿ ಅಂತ ಕಾರು ಬಿಟ್ಟಿದ್ದೆ. ನಟ್‌ಗಳು ಕಚ್ಚಿಕೊಂಡಿವೆ, ಹಿಂದಿನ ರಾತ್ರಿಯೇ ಎಣ್ಣೆ ಬಿಡಿ, ಬರದಿದ್ದರೆ ಕಾಯಿಸಿ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗಿದು ತೆಗೆಯಿರಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸಿದ್ದೆ. ನಿಮ್ಮವರು ಒಣ ನಟ್ಟಿಗೇ ಸ್ಪ್ಯಾನರ್ ಹಾಕಿ ಜೋರು ಮಾಡಿದ್ದಾರೆ. ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿಯುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ಎಂಜಿನ್ ಹೆಡ್ಡಿನ ಮಟ್ಟಕ್ಕೇ ಮುರಿದಿದೆ.

ಸ್ಟಡ್ ಮುರಿಯುವುದು ಯಾರ ಕೈಯಲ್ಲೂ ಆಗಬಹುದು. ಸರಿಯಾಗಿ ನಡುವಿಗೆ ಡ್ರಿಲ್ ಮಾಡಿ ತುಂಡು ತೆಗೆದು ಹೊಸದು ಹಾಕಬಹುದಿತ್ತು. ನೀವು ಅಲ್ಲಿಗೆ ಪೇಸ್ಟ್ ಮೆತ್ತಿ, ಮೇಲೆ ಕಪ್ಪು ಬಣ್ಣ ಬಳಿದು, ಬಿಲ್ಲಿನಲ್ಲಿ 'ಕೆಲಸ ಪೂರ್ತಿ' ಅಂತ ಬರೆದಿರಿ. ಎಂಜಿನ್ ಬಿಸಿಯಾದಂತೆ ಪೇಸ್ಟ್ ಉದುರಿತು, ಆ ಸಂದಿಯಿಂದ ಹೊಗೆ ಸೋರತೊಡಗಿತು. ಸಾಲದ್ದಕ್ಕೆ ಪೈಪ್ ತೂಗುವ ರಬ್ಬರ್ ಕಿತ್ತು, ಪೈಪನ್ನು ಬ್ರಾಕೆಟ್ಟಿಗೇ ವೆಲ್ಡ್ ಮಾಡಿದ್ದೀರಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲುಗುತ್ತದೆ. ಪೈಪ್ ಅಲುಗದೆ ನಿಂತರೆ ಏಟೆಲ್ಲ ಎರಕದ ಮ್ಯಾನಿಫೋಲ್ಡಿಗೆ. 1970ರ ದಶಕದಲ್ಲೇ ತಯಾರಿಕೆ ನಿಂತ ಕಾರು ಇದು. ಮ್ಯಾನಿಫೋಲ್ಡ್ ಸೀಳಿದರೆ ಎಲ್ಲಿಂದ ತರಲಿ?

ಕೇಳಲು ಬಂದಾಗ ನಡೆದದ್ದು ನಿಮಗೆ ಗೊತ್ತಿರಲಿ. ಕೌಂಟರಿನ ಮುಂದೆ ಬೇರೆ ಗಿರಾಕಿಗಳೂ ಇದ್ದರು. "ಟಕ್ ಟಕ್ ಸದ್ದು ಬರ್ತಿದೆ, ಒಳಗೆ ಹೊಗೆ ವಾಸನೆ" ಅಂದೆ. ಸೂಪರ್‌ವೈಸರ್ ತಲೆಯೆತ್ತಲಿಲ್ಲ. "ಹಳೇ ಗಾಡಿ ಸರ್, ಸದ್ದು ಇದ್ದೇ ಇರತ್ತೆ." ಬಾನೆಟ್ ಎತ್ತಿ ನೋಡಿ ಅಂದೆ. ಎದ್ದು ಬಂದವರು ಬಾನೆಟ್ ಕಡೆ ಹೋಗಲೇ ಇಲ್ಲ. ಹಿಂದೆ ಹೋಗಿ ಪೈಪಿನ ಬಾಯಿಗೆ ಅಂಗೈ ಹಿಡಿದು, "ಹೊಗೆ ಇಲ್ಲೇ ಬರ್ತಿದೆಯಲ್ಲ ಸರ್, ಇನ್ನೇನು ಬೇಕು?" ಅಂದರು. ಪಕ್ಕದಲ್ಲಿದ್ದ ಹುಡುಗ ಕಿಸಕ್ಕೆಂದ. ನಾನು ಸ್ಟಡ್ ವಿಷಯ ಎತ್ತಿದ್ದೇ ತಡ, "ಇಷ್ಟು ಪ್ರೀತಿ ಇದ್ರೆ ಶೋಕೇಸಲ್ಲಿಡಿ, ರೋಡಿಗೆ ಯಾಕೆ ತರ್ತೀರಿ?" ಅಂತ ಎಲ್ಲರಿಗೂ ಕೇಳುವಂತೆ ಹೇಳಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು. ಇದೇನಾ ನಿಮ್ಮ ಬೋರ್ಡಿನಲ್ಲಿರುವ 'ಗ್ರಾಹಕರೇ ಮೊದಲು'?

ಆ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಮಗಳು ಕೂರುತ್ತಾಳೆ. ಆ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಹೊಗೆ ವಾಸನೆ ಬಂದದ್ದಕ್ಕೆ ನಮಗೆ ತಿಳಿಯಿತು, ಅಷ್ಟೇ.

ಗ್ರಾಹಕರನ್ನು ಕೇಳದೆ ಏನನ್ನೂ ಕತ್ತರಿಸುವಂತಿಲ್ಲ, ವೆಲ್ಡ್ ಮಾಡುವಂತಿಲ್ಲ, ತೆಗೆದ ಭಾಗ ವಾಪಸ್ ಕೊಡಬೇಕು ಅಂತ ನಿಮ್ಮದೇ ಜಾಬ್ ಕಾರ್ಡಿನ ಹಿಂದೆ ಅಚ್ಚು ಹಾಕಿದ್ದೀರಿ. ಓದಿದ್ದೀರಿ ಅಂದುಕೊಳ್ಳುತ್ತೇನೆ.

ಪೂರ್ತಿ ಹಣ ಮತ್ತು ನನ್ನ ಹಳೇ ಭಾಗಗಳು ಒಂದು ವಾರದಲ್ಲಿ ಬರಬೇಕು. ಸ್ಟಡ್ಡನ್ನು ನಾನು ಬೇರೆ ಕಡೆ ತೆಗೆಸುತ್ತೇನೆ, ಆ ಖರ್ಚೂ ನಿಮ್ಮದೇ. ಇಲ್ಲದಿದ್ದರೆ ಬಿಲ್ಲು, ಜಾಬ್ ಕಾರ್ಡ್, ಫೋಟೋಗಳ ಸಮೇತ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ. ಹಳೇ ಕಾರು ಇಟ್ಟುಕೊಂಡಿರುವ ನನ್ನ ಎಲ್ಲ ಗೆಳೆಯರಿಗೂ ಆ ಫೋಟೋ ತೋರಿಸುತ್ತೇನೆ. ನೀವು ಹಣ ಕೊಟ್ಟರೂ ತೋರಿಸುತ್ತೇನೆ.

ಇಂತಿ,
ನಿಮ್ಮ ಗ್ರಾಹಕ